ಬಂದೆ ಎಂದಳು, ಬಂದಿರಲಿಲ್ಲ

"ಬಂದೆ!" ಎಂದಳು ನನ್ನ ಮಗಳು. ನಾನು ತಿರುಗಿ ನೋಡಲಿಲ್ಲ.

ಅವಳು ಆ ಮಾತು ಹೇಳಿದ್ದಕ್ಕೂ ನಾನು ತಿರುಗದೆ ನಡೆದದ್ದಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತು ಇದ್ದಿರಬೇಕು. ಆ ಹೊತ್ತಿಗೆ ನಾನು ಮತ್ತೆ ಮತ್ತೆ ಹಿಂದಿರುಗುತ್ತೇನೆ. ಅಡುಗೆಮನೆಯಲ್ಲಿ ಅಕ್ಕಿ ತೊಳೆಯುವಾಗ, ಫ್ರೀವೇಯಲ್ಲಿ ಲೇನು ಬದಲಿಸುವಾಗ, ಲ್ಯಾಬಿನಲ್ಲಿ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುವಾಗ ಬೆನ್ನ ಹಿಂದಿನಿಂದ ಆ ಕೂಗು ಕೇಳಿಸುತ್ತದೆ. ಈಗ ಪ್ರತಿಸಲವೂ ತಿರುಗಿ ನೋಡುತ್ತೇನೆ. ಯಾರೂ ಇರುವುದಿಲ್ಲ. ಲ್ಯಾಬಿನ ಹುಡುಗಿ ಒಮ್ಮೆ "ಯಾರನ್ನಾದರೂ ಕಾಯುತ್ತಿದ್ದೀರಾ?" ಎಂದು ಕೇಳಿದಳು. ಇಲ್ಲ ಎಂದೆ.

ಅದು ಎಂಬತ್ತರ ದಶಕದ ನಡುವಿನ ಒಂದು ನವೆಂಬರ್. ಅಮೆರಿಕದ ಪಶ್ಚಿಮ ಕರಾವಳಿಗೆ ಹತ್ತಿರದ ಲಾಸ್ ಆಲ್ಟೋಸಿನ ನಮ್ಮ ಮನೆಗೆ ಮೈಸೂರಿನಿಂದ ನನ್ನ ಅಮ್ಮ ಬಂದಿದ್ದರು. ಬೇಸಿಗೆಯಲ್ಲಿ ಬಂದವರು ಚಳಿ ಬಲಿಯುವ ಮೊದಲು ಹೊರಡುವವರಿದ್ದರು. ಬಂದ ದಿನದಿಂದಲೂ ಅವರಿಗೆ ಒಂದೇ ಕೊರಗು, ಮೊಮ್ಮಗಳ ಬಾಯಿ. ಎಂಟು ವರ್ಷದ ನನ್ನ ಮಗಳಿಗೆ ನಾವು ಆಡಿದ ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಗುಟ್ಟಾಗಿ ಆಡಿದ್ದು ಇನ್ನೂ ಚೆನ್ನಾಗಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಇವಳು ಕಿವಿಯಲ್ಲಿ ಕನ್ನಡದವಳು ಕಣೇ, ಬಾಯಲ್ಲಿ ದೊರೆಸಾನಿ," ಎನ್ನುತ್ತಿದ್ದರು ಅಮ್ಮ.

ಇರುವ ಅಷ್ಟು ತಿಂಗಳಲ್ಲಿ ಪೂರ್ತಿ ಭಾಷೆ ಕಲಿಸುವುದು ಆಗದ ಮಾತು ಎಂದುಕೊಂಡು ಅವರು ಒಂದೇ ಒಂದು ಪದವನ್ನು ಹಿಡಿದರು. ಕೆಳಗಿನಿಂದ ಕರೆದರೆ ಮಹಡಿಯ ಕೋಣೆಯಿಂದ "ವಾಟ್?" ಎಂದು ಬರುತ್ತಿದ್ದ ಉತ್ತರ ಅವರಿಗೆ ಸಹಿಸದು.

"ವಾಟು ಗೀಟು ಎಲ್ಲಾ ಬೇಡ. ದೊಡ್ಡೋರು ಕರೆದ್ರೆ 'ಬಂದೆ' ಅನ್ಬೇಕು."

"ಬಟ್ ಅಜ್ಜೀ, 'ಬಂದೆ' ಮೀನ್ಸ್ ಐ ಕೇಮ್!"

ಅಮ್ಮ ನನ್ನ ಮುಖ ನೋಡಿದರು. "ಏನಂತೆ ಇವಳದ್ದು?"

"ಬಂದೆ ಅಂದ್ರೆ ಆಗಲೇ ಬಂದಾಯ್ತು ಅಂತ ಅರ್ಥ ಅಲ್ವಾ, ನಾನಿನ್ನೂ ಇಲ್ಲೇ ಇದೀನಲ್ಲ, ಅದು ಸುಳ್ಳು ಹೇಳಿದ ಹಾಗಾಗತ್ತೆ ಅಂತಾಳೆ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಅಯ್ಯೋ ಪೆದ್ದು, ಬರೋಕೆ ಮುಂಚೆ ಹೇಳೋದೇ ಕಣೇ ಅದು. ಬಂದ್ಮೇಲೆ ಯಾಕೆ ಹೇಳ್ಬೇಕು, ಕಣ್ಣಿಗೆ ಕಾಣತ್ತಲ್ಲ!"

ದೀಪಾವಳಿಯ ಹೊತ್ತಿಗೆ ಕೊಬ್ಬರಿ ಮಿಠಾಯಿಯ ಲಂಚದಿಂದ ಆ ಪದ ಅವಳ ನಾಲಿಗೆಗೆ ಅಂಟಿತು. ಟೀವಿಯ ಮುಂದೆ ಕೂತಲ್ಲಿಂದ ಅಲುಗದೆ "ಬಂದೆ!" ಎನ್ನುವಳು. ಮತ್ತೆ ಕರೆದರೆ ಮತ್ತೆ "ಬಂದೆ!" ನನ್ನ ಗಂಡ ಅದನ್ನು ನೋಡಿ, "ಈಗ ಪೂರ್ತಿ ನಮ್ಮೋಳಾದಳು ನೋಡಿ ಅತ್ತೆ. ಬಂದೆ ಬಂದೆ ಅಂತ ಕೂತಲ್ಲೇ ಕೂರೋದು ಇಂಗ್ಲಿಷಲ್ಲಿ ಬರಲ್ಲ," ಎಂದರು.

ಅಮ್ಮ ಹೊರಡುವ ಮೊದಲು ಅವರಿಗೆ ಸಮುದ್ರ ತೋರಿಸಬೇಕು ಎಂದು ಹೊರಟದ್ದು ನಾನೇ. ಯಾವ ಸಮುದ್ರ ಎಂದು ಆರಿಸಿದವಳೂ ನಾನೇ. ಬೆಟ್ಟ ಹತ್ತಿ, ರೆಡ್‌ವುಡ್ ಮರಗಳ ಕತ್ತಲಲ್ಲಿ ಸುತ್ತಿ ಸುತ್ತಿ ಇಳಿದರೆ ಕುಂಬಳದ ಹೊಲಗಳು, ಅವುಗಳ ಆಚೆ ಕರಾವಳಿಯ ರಸ್ತೆ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ಹೋದರೆ ದಿಬ್ಬದ ಕೆಳಗೆ ಒಂದು ಸಣ್ಣ ಕಡಲ ತೀರ. ಎರಡು ಕಡೆ ಹಳದಿ ಬಂಡೆ, ಉತ್ತರದ ಬಂಡೆಯಲ್ಲಿ ನೀರು ಕೊರೆದ ಒಂದು ಗವಿ. ಅದನ್ನು ನಾನು ಹದಿನೈದು ವರ್ಷಗಳಿಂದ ನೋಡಿರಲಿಲ್ಲ. ಆದರೆ ನಿದ್ದೆ ಬಾರದಾಗ ಕಣ್ಣು ಮುಚ್ಚಿ ನಾನು ಹೋಗುತ್ತಿದ್ದ ಜಾಗ ಅದೇ.

ಅರವತ್ತರ ದಶಕದ ಕೊನೆಯಲ್ಲಿ ಕೊಲ್ಲಿಯ ಆಚೆ ದಡದ ವಿಶ್ವವಿದ್ಯಾನಿಲಯಕ್ಕೆ ರಸಾಯನಶಾಸ್ತ್ರ ಓದಲು ಬಂದವಳು ನಾನು. ಟ್ರಂಕಿನಲ್ಲಿ ಸಾರಿನ ಪುಡಿ, ತಲೆಯಲ್ಲಿ ಮೈಸೂರು. ನನಗೆ ಸಿಕ್ಕ ಬಾಡಿಗೆ ಕೋಣೆ ಇದ್ದದ್ದು ಹಿಪ್ಪಿಗಳ ಮನೆಯಲ್ಲಿ. ಅವರು ಹಿಪ್ಪಿಗಳು ಎಂದು ನನಗೆ ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ಗಂಡಸರು ಜಡೆ ಬಿಟ್ಟಿದ್ದರು, ಹೆಂಗಸರು ಬರಿಗಾಲಲ್ಲಿದ್ದರು, ಎಲ್ಲರೂ ನೆಲದ ಮೇಲೆ ಕೂತು ಕೈಯಲ್ಲಿ ಉಣ್ಣುತ್ತಿದ್ದರು. ಅಮೆರಿಕವೆಂದರೆ ಹೀಗೇ ಇರಬೇಕು, ನಮ್ಮ ಹಾಗೇ ಇದ್ದಾರಲ್ಲ ಎಂದುಕೊಂಡಿದ್ದೆ.

ಶನಿವಾರ ಬಂತೆಂದರೆ ಬ್ರೆಡ್ಡು ಸಾಗಿಸುವ ಹಳೆಯ ವ್ಯಾನಿಗೆ ಎಲ್ಲರೂ ತುಂಬಿಕೊಂಡು ಈ ತೀರಕ್ಕೆ ಬರುತ್ತಿದ್ದರು. ಯುದ್ಧ ನಿಲ್ಲಬೇಕು ಎಂದು ವಾರವಿಡೀ ಬೀದಿಯಲ್ಲಿ ಕೂಗಿ ಬಂದವರು ಇಲ್ಲಿ ಗಿಟಾರು ಹಿಡಿದು ಮೆತ್ತಗಾಗುತ್ತಿದ್ದರು. ತೇಲಿ ಬಂದ ಮರದ ತುಂಡುಗಳನ್ನು ಗವಿಯ ಬಾಯಲ್ಲಿ ಒಟ್ಟಿ ಬೆಂಕಿ ಹಾಕಿ, ನಾನು ದೊಡ್ಡ ಪಾತ್ರೆಯಲ್ಲಿ ಅನ್ನ ಸಾರು ಮಾಡುತ್ತಿದ್ದೆ. ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಸಮುದ್ರಕ್ಕೆ ಬೆನ್ನು ಕೊಟ್ಟು, ಸೌಟು ಹಿಡಿದು ಕೂತ ನನ್ನ ಒಂದು ಫೋಟೋ ಇದೆ. ನಾನು ಅಷ್ಟು ನಿಶ್ಚಿಂತಳಾಗಿ ನಗುತ್ತಿರುವ ಫೋಟೋ ಬೇರೊಂದಿಲ್ಲ.

ಆ ಗುಂಪಿನಲ್ಲಿ ಭೌತಶಾಸ್ತ್ರದ ಓದು ಅರ್ಧಕ್ಕೆ ಬಿಟ್ಟ ಒಬ್ಬ ಗಡ್ಡದವನಿದ್ದ. ಅವನು ಒಮ್ಮೆ ನನ್ನನ್ನು ಕರೆದಾಗ ಬೆಂಕಿ ಊದುತ್ತಿದ್ದ ನನ್ನ ಬಾಯಿಂದ ಅಭ್ಯಾಸಬಲದಿಂದ "ಬಂದೆ" ಎಂದು ಬಂತು. ಹಾಗೆಂದರೇನು ಎಂದು ಕೇಳಿದ. ಹೇಳಿದೆ. ನನ್ನ ಮಗಳು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಅವನೂ ಅದನ್ನೇ ಕೇಳಿದ್ದ: "ಆದರೆ ನೀನಿನ್ನೂ ಅಲ್ಲೇ ಕೂತಿದ್ದೀಯಲ್ಲ?" ನಮ್ಮಲ್ಲಿ ಹಾಗೇ ಹೇಳುವುದು ಎಂದೆ. ಅವನ ಕಣ್ಣು ಅಗಲವಾಯಿತು. ಬರುವ ಮೊದಲೇ ಬಂದಾಗಿರುವ ಜನ ನೀವು, ನಿಮಗೆ ನಾಳೆ ಎಂಬುದೇ ಇಲ್ಲ, ಮನಸ್ಸು ತಲುಪಿದ ಮೇಲೆ ಕಾಲು ತಲುಪಿದರೇನು ಬಿಟ್ಟರೇನು ಎಂದೆಲ್ಲ ಹೇಳತೊಡಗಿದ. ಅಡುಗೆಮನೆಯ ಒಂದು ಮಾತು ಹೀಗೆ ತತ್ವವಾದದ್ದನ್ನು ನೋಡಿ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಊರು ಬಿಟ್ಟು ಬಂದ ಹುಡುಗಿ, ಹೆಮ್ಮೆಯಾಯಿತು. ಆಮೇಲೆ ಎಲ್ಲರೂ ಎಲ್ಲಕ್ಕೂ "ಬಂದೆ" ಎನ್ನತೊಡಗಿದರು. ತಣ್ಣೀರಿಗೆ ಓಡುವಾಗ "ಬಂದೆ", ಸಾರು ಬಡಿಸಿಕೊಳ್ಳುವಾಗ "ಬಂದೆ". ಒಂದು ಬೆಳಿಗ್ಗೆ ಗಡ್ಡದವನು ತನ್ನ ಹಾಸಿಗೆ ಸುತ್ತಿ ಹೆಗಲಿಗೇರಿಸಿ "ಬಂದೆ" ಎಂದು ನಕ್ಕು, ಬಂಡೆ ದಾಟಿ ಉತ್ತರಕ್ಕೆ ನಡೆದುಹೋದ. ಮರಳಿ ಬರಲಿಲ್ಲ. ಎಲ್ಲೋ ಬಡಗಿಯಾಗಿದ್ದಾನೆಂದು ಎಷ್ಟೋ ದಿನದ ಮೇಲೆ ಯಾರೋ ಹೇಳಿದರು.

ಈ ಕಥೆಯನ್ನು ಮಗಳಿಗೆ ಹೇಳಬೇಕು, ಅದೂ ಆ ಗವಿಯ ಮುಂದೆಯೇ ನಿಂತು ಹೇಳಬೇಕು ಎಂಬುದು ನನ್ನ ಆಸೆಯಾಗಿತ್ತು.

ಆ ದಿನ ಮಂಜಿರಲಿಲ್ಲ. ನವೆಂಬರಿನಲ್ಲಿ ನಮ್ಮ ಕರಾವಳಿಗೆ ಕೆಲವು ದಿನ ಅಂಥ ಬಿಸಿಲು ಬರುತ್ತದೆ, ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಹೊರಡುವ ಮೊದಲು ಅಮ್ಮ ಮಗಳನ್ನು ಮಂಡಿಯ ನಡುವೆ ಕೂರಿಸಿಕೊಂಡು ಎಣ್ಣೆ ಹಚ್ಚಿ ಬಿಗಿಯಾಗಿ ಒಂದು ಜಡೆ ಹೆಣೆದಿದ್ದರು. "ಔಚ್ ಅಜ್ಜೀ!" ಎಂದು ಅವಳು ಕೂಗಿದಷ್ಟೂ ಇವರು ಬಿಗಿಮಾಡಿದರು. "ಗಾಳಿಗೆ ಕೂದಲು ಹಾರಾಡ್ಕೊಂಡು ಭೂತದ ಥರ ನಿಲ್ತೀಯಾ ಅಲ್ಲಿ? ಸುಮ್ನೆ ಕೂತ್ಕೋ."

ದಿಬ್ಬದ ಮೇಲೆ ಕಾರು ನಿಲ್ಲಿಸಿ ಕೆಳಗಿಳಿಯುವ ದಾರಿ ಹಾಗೇ ಇತ್ತು. ದಾರಿ ಮುಗಿಯುವಲ್ಲಿ ಹಿಂದೆ ಒಂದು ಮರದ ಫಲಕವಿತ್ತು. ನಾನು ಒದ್ದೆ ಸೀರೆ ಒಣಗಹಾಕುತ್ತಿದ್ದದ್ದು ಅದರ ಮೇಲೆ, ಅದರ ಅಗಲ ಸೀರೆಯ ಮಡಿಕೆಗೆ ಸರಿಯಾಗಿ ಹೊಂದುತ್ತಿತ್ತು. ಈಗ ಅಲ್ಲಿ ತಗಡಿನ ಹೊಸ ಫಲಕ. "ರೀ, ನಾನು ಸೀರೆ ಒಣಗಹಾಕ್ತಿದ್ದ ಜಾಗ ಇದೇ," ಎಂದು ಗಂಡನಿಗೆ ತೋರಿಸಿದೆ. ಅದರಲ್ಲಿ ಬರೆದದ್ದನ್ನು ಓದಲಿಲ್ಲ. ನನ್ನ ಜಾಗವಲ್ಲವೇ, ಏನು ಓದುವುದಿತ್ತು?

"ಸೀರೆ ಒಣಗಹಾಕ್ತಿದ್ಯಾ? ಇಲ್ಲಿ?" ಅಮ್ಮ ನಿಂತರು. "ಯಾರ ಜೊತೆ ಬರ್ತಿದ್ದೆ?"

"ಫ್ರೆಂಡ್ಸ್ ಜೊತೆ ಅಮ್ಮ. ಓದೋವಾಗ."

"ಜಟಾಧಾರಿ ಫ್ರೆಂಡ್ಸು ಅತ್ತೆ," ಎಂದರು ನನ್ನ ಗಂಡ ಹಿಂದಿನಿಂದ, ಊಟದ ಬುಟ್ಟಿ ಹೊತ್ತು. "ನಿಮ್ಮ ಮಗಳು ಇಲ್ಲಿ ದೊಡ್ಡ ಆಶ್ರಮ ನಡೆಸ್ತಿದ್ದಳು. ನಿಮಗೆ ಹೇಳಿಲ್ವಾ?"

"ಲೈಬ್ರರಿಗೆ ಹೋಗ್ತೀನಿ ಅಂತ ಕಾಗದದಲ್ಲಿ ಬರೀತಿದ್ಲಪ್ಪ," ಎಂದರು ಅಮ್ಮ. ಆದರೆ ಮುಖದಲ್ಲಿ ಕೋಪವಿರಲಿಲ್ಲ. ಅವರ ಕಣ್ಣಾಗಲೇ ನೀರಿನ ಮೇಲಿತ್ತು. ಅರವತ್ತು ದಾಟಿದ ಅವರು ಸಮುದ್ರ ನೋಡುತ್ತಿದ್ದದ್ದು ಅದೇ ಮೊದಲು. "ಅಬ್ಬಾ, ಎಷ್ಟೊಂದಿದೆ!" ಎಂದರು.

ಮರಳಿನ ಮೇಲುಗಡೆ, ದಿಬ್ಬದ ಬುಡದಲ್ಲಿ ಜಮಖಾನೆ ಹಾಸಿ ಪುಳಿಯೋಗರೆ, ಮೊಸರನ್ನ ತಿಂದೆವು. ಅಲೆಗಳು ದೂರದಲ್ಲಿ ಮುರಿದು, ತೆಳ್ಳಗೆ ಹರಡಿ, ಹಿಂದೆ ಸರಿಯುತ್ತಿದ್ದವು. ಮರಳು ಅಲ್ಲಿಂದ ನೀರಿಗೆ ಕಡಿದಾಗಿ ಇಳಿಯುತ್ತಿತ್ತು. ಊಟವಾದ ಮೇಲೆ ಅಮ್ಮ ಕೈತೊಳೆದು ಬ್ಯಾಗಿನಿಂದ ಒಂದು ಸಣ್ಣ ಪೊಟ್ಟಣ ತೆಗೆದರು. ನಮ್ಮ ಹಿತ್ತಲಿನ ಗುಲಾಬಿ, ಅರಿಶಿನ, ಕುಂಕುಮ. ಸಮುದ್ರರಾಜನಿಗೆ ಕೊಟ್ಟು ಬರುತ್ತೇನೆ ಎಂದರು. ಮಗಳು ಅವರ ಕೈಹಿಡಿದು ಹೋದಳು. ಗಂಡ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು. ನಾನು ಗವಿಯ ಕಡೆಗೆ ನಡೆದೆ.

ಅರ್ಧ ದಾರಿಯಲ್ಲಿ ನಿಂತು ನೋಡಿದೆ. ಅಮ್ಮ ಹೂವು ಬಿಟ್ಟು ಕೈಮುಗಿಯುತ್ತಿದ್ದರು. ಮಗಳು ಅವರಿಂದ ಸ್ವಲ್ಪ ಈಚೆಗೆ ಕುಕ್ಕರಗಾಲಲ್ಲಿ ಕೂತು, ಹಗ್ಗದಂಥ ಕಡಲಪಾಚಿಯ ತುದಿಯಿಂದ ಮರಳಿನಲ್ಲಿ ಏನೋ ಬರೆಯುತ್ತಿದ್ದಳು. ಬೆನ್ನು ಸಮುದ್ರಕ್ಕೆ, ಮುಖ ನಮ್ಮ ಜಮಖಾನೆಯ ಕಡೆಗೆ.

"ಪುಟ್ಟೀ! ಬಾ ಇಲ್ಲಿ, ಒಂದು ತೋರಿಸ್ತೀನಿ!" ಎಂದು ಕೂಗಿ ಮತ್ತೆ ಗವಿಯ ಕಡೆ ತಿರುಗಿದೆ.

"ಬಂದೆ!"

ಎಷ್ಟು ಸ್ಪಷ್ಟವಾಗಿ ಹೇಳಿದಳು! 'ದೆ' ಎಂಬುದನ್ನು ಅಮ್ಮನ ಹಾಗೆ ಎಳೆದು, ಮೈಸೂರಿನ ಯಾವುದೋ ವಠಾರದ ಮಗುವಿನ ಹಾಗೆ. ನನಗೆ ಆ ಕ್ಷಣ ಎಷ್ಟು ಸಂತೋಷವಾಯಿತೆಂದರೆ ನಾನು ಅದನ್ನು ನಂಬಿಬಿಟ್ಟೆ. ಅವಳು "ಕಮಿಂಗ್" ಎಂದಿದ್ದರೆ ಬರುತ್ತಿದ್ದಾಳೋ ಇಲ್ಲವೋ ಎಂದು ತಿರುಗಿ ನೋಡುತ್ತಿದ್ದೆ, ದಿನವೂ ನೋಡುವ ಹಾಗೆ. "ಬಂದೆ" ಎಂದಳು. ಬಂದಳು ಎಂದುಕೊಂಡೆ. ಹುಟ್ಟಿದಾಗಿನಿಂದ ಆಡಿದ ಮಾತು, ಕೂತಲ್ಲೇ ಕೂತು ಸಾವಿರ ಸಲ ನಾನೇ ಹೇಳಿದ ಮಾತು, ಅದರ ಅರ್ಥ ನನಗೆ ಗೊತ್ತಿರಲಿಲ್ಲವೇ?

ಮುಂದೆ ನಡೆಯುತ್ತ ಕಥೆ ಶುರುಮಾಡಿದೆ. ಬೆನ್ನ ಹಿಂದೆ ಅವಳು ಇದ್ದಾಳೆಂದು ಗಟ್ಟಿಯಾಗಿ ಹೇಳುತ್ತಿದ್ದೆ. "ನೀನು ಹುಟ್ಟೋಕೆ ಮುಂಚೆ ಇಲ್ಲಿ ಒಬ್ಬ ಗಡ್ಡದವನಿದ್ದ ಪುಟ್ಟಿ. ಅವನಿಗೂ ನಾನು 'ಬಂದೆ' ಹೇಳಿಕೊಟ್ಟಿದ್ದೆ, ಗೊತ್ತಾ? ನೀನು ಕೇಳಿದ್ದನ್ನೇ ಅವನೂ ಕೇಳಿದ..." ಗವಿಯ ಬಾಯಿ ಬಂತು. ಒಳಗೆ ಕಲ್ಲಿನ ಮೇಲೆ ಮಸಿ ಇನ್ನೂ ಇತ್ತು, ಅಥವಾ ಬೇರೆಯವರ ಬೆಂಕಿಯ ಮಸಿ ಇರಬೇಕು. "ನೋಡಿಲ್ಲಿ," ಎಂದು ಕೈ ಹಿಂದೆ ಚಾಚಿದೆ. ಕೈಗೆ ಕೈ ಸಿಗಲಿಲ್ಲ.

ಆಗ ಅಮ್ಮನ ಕೂಗು ಕೇಳಿಸಿತು. ಅದು ಹೆಸರಲ್ಲ, ಮಾತಲ್ಲ. ಆ ಸದ್ದು ನನ್ನ ಅಮ್ಮನ ಗಂಟಲಲ್ಲಿ ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ತಿರುಗಿದೆ. ಅಲೆ ಎಂದರೆ ಎದ್ದು, ಬಾಗಿ, ನೊರೆಯಾಗಿ ಮುರಿಯುವುದು ಎಂದುಕೊಂಡಿದ್ದೆ. ಇದು ಮುರಿಯಲಿಲ್ಲ. ಸಮುದ್ರದ ನೆಲವೇ ಎತ್ತಿಕೊಂಡು ಬಂದ ಹಾಗಿತ್ತು. ಬೂದು ಬಣ್ಣದ ನೀರು, ಮೇಲೆ ಸೊಪ್ಪು, ಮರದ ತುಂಡು. ಅಷ್ಟು ಹೊತ್ತೂ ಅಲೆಗಳು ಮುಟ್ಟಿದ್ದ ಗೆರೆಯನ್ನು ಅದು ಗಮನಿಸದೆ ದಾಟಿತು. ಸದ್ದೂ ಇರಲಿಲ್ಲ, ಅಥವಾ ನನಗೆ ಕೇಳಿಸಲಿಲ್ಲ. ಮಗಳು ಕೂತಲ್ಲೇ ಕೂತಿದ್ದಳು, ತಲೆ ಬಗ್ಗಿಸಿ ಬರೆಯುತ್ತ. ಅಮ್ಮನ ಕೂಗಿಗೆ ತಲೆ ಎತ್ತಿ ಅವರನ್ನು ನೋಡಿದಳು. ಹಿಂದೆ ನೋಡಲಿಲ್ಲ. ಮುಂದಿನ ಕ್ಷಣ ಅಲ್ಲಿ ಅವಳಿರಲಿಲ್ಲ. ನೀರಿತ್ತು.

ಓಡಿದೆ. ಒಣ ಮರಳಿನಲ್ಲಿ ಓಡುವುದು ಓಡುವುದಲ್ಲ. ಕಾಲು ಕಿತ್ತು ಇಟ್ಟಷ್ಟೂ ಹೂತುಹೋಗುತ್ತಿತ್ತು. ನಾನು ಹೋಗಿ ಮುಟ್ಟುವ ಹೊತ್ತಿಗೆ ನೀರು ಹಿಂದೆ ಸರಿಯುತ್ತಿತ್ತು, ಮತ್ತು ಸರಿಯುವುದರ ಬಲ ಬರುವುದರ ಬಲಕ್ಕಿಂತ ಹೆಚ್ಚಾಗಿತ್ತು. ಇಳಿಜಾರಿನಲ್ಲಿ ಮರಳು, ಕಲ್ಲು ಎಲ್ಲ ಗರಗರ ಉರುಳುತ್ತಿದ್ದವು. ಅದರ ನಡುವೆ ಅಮ್ಮ ಕಾಲು ಚಾಚಿ ಕೂತಿದ್ದರು, ಸೊಂಟದವರೆಗೆ ನೀರು. ಕನ್ನಡಕವಿಲ್ಲ. ಸೀರೆ ಮರಳು ತುಂಬಿ ಮೂಟೆಯಾಗಿತ್ತು. ಬಲಗೈಗೆ ಏನೋ ಕಪ್ಪಗಿನದು ಸುತ್ತಿಕೊಂಡಿದ್ದರು. ಅದು ಜಡೆ. ಆ ಜಡೆಯ ತುದಿಯಲ್ಲಿ ನನ್ನ ಮಗಳು ಅಂಗಾತ ಬಿದ್ದಿದ್ದಳು, ಕಾಲು ಸಮುದ್ರದ ಕಡೆಗೆ, ಬಾಯಿ ತೆರೆದು, ದನಿಯಿಲ್ಲದೆ.

ಇನ್ನೊಂದು ಅಲೆ ಬಂತು. ಅದು ಸಣ್ಣದೋ ದೊಡ್ಡದೋ ಹೇಳಲಾರೆ. ನಾನು ಅವರಿಬ್ಬರ ಮೇಲೆ ಬಿದ್ದಿದ್ದೆ. ಕಿವಿಯಲ್ಲಿ, ಮೂಗಿನಲ್ಲಿ ಮಂಜುಗಡ್ಡೆಯಂಥ ನೀರು. ಯಾರದೋ ಮಂಡಿ ನನ್ನ ಎದೆಗೆ ಬಡಿಯಿತು. ಆಮೇಲೆ ನನ್ನ ಗಂಡನ ಕೈಗಳು ಅಮ್ಮನ ಕಂಕುಳಲ್ಲಿದ್ದವು, ಅವರು "ಬಿಡಬೇಡಿ ಅತ್ತೆ, ಬಿಡಬೇಡಿ" ಎಂದು ಕಿರುಚುತ್ತಿದ್ದರು. ಅಮ್ಮ ಬಿಡುವ ಸ್ಥಿತಿಯಲ್ಲೇ ಇರಲಿಲ್ಲ. ಒಬ್ಬರನ್ನೊಬ್ಬರು ಎಳೆದುಕೊಂಡು ಒಣ ಮರಳಿಗೆ ಬಂದು ಬಿದ್ದೆವು.

ಮಗಳು ಕೆಮ್ಮಿದಳು, ನೀರು ಕಕ್ಕಿದಳು, ಉಸಿರೆಳೆದಳು. ಆಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಅಜ್ಜಿಯ ಮೇಲೆ ಸಿಟ್ಟಿನಿಂದ ಕೂಗಿದಳು: "ಯು ಪುಲ್ಡ್ ಮೈ ಹೇರ್!"

"ಎಳೆದೆ ಕಣೇ," ಎಂದರು ಅಮ್ಮ, ಹಲ್ಲು ಕಟಕಟಿಸುತ್ತ. "ಎಳೆದೆ. ಇನ್ನೂ ಎಳೀತೀನಿ."

ಅವರ ಬೆರಳುಗಳನ್ನು ಆ ಜಡೆಯಿಂದ ಒಂದೊಂದಾಗಿ ನಾನು ಬಿಡಿಸಬೇಕಾಯಿತು. ತಾವಾಗಿ ಬಿಡಲು ಅವಕ್ಕೆ ಬರುತ್ತಿರಲಿಲ್ಲ.

ನಾಯಿಯ ಜೊತೆ ಬಂದಿದ್ದ ಒಬ್ಬ ಮುದುಕಿ ದಿಬ್ಬದಿಂದ ಕಂಬಳಿ ತಂದು ಹೊದಿಸಿದಳು. ನೀವು ಈ ಕಡೆಗೆ ಹೊಸಬರೇ ಎಂದು ಕೇಳಿದಳು. ನಾನು ತುಂಬಾ ವರ್ಷದ ಹಿಂದೆಯೇ ಈ ಜಾಗಕ್ಕೆ ಬರುತ್ತಿದ್ದವಳು ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಹೋದ ಚಳಿಗಾಲದಲ್ಲಿ ಇಲ್ಲೇ ಒಬ್ಬರು..." ಎಂದು ಆರಂಭಿಸಿ, ಮಗಳ ಕಡೆ ನೋಡಿ, ನಾಯಿಯ ಕುತ್ತಿಗೆ ಸವರತೊಡಗಿದಳು. ಹತ್ತುವಾಗ ಫಲಕವನ್ನು ಓದಿದೆ. ಇಲ್ಲಿ ಅಲೆಗಳು ಹೇಳದೆ ಬರುತ್ತವೆ, ಸಮುದ್ರಕ್ಕೆ ಬೆನ್ನು ಹಾಕಬೇಡಿ ಎಂದಿತ್ತು. ಹಳೆಯ ಮರದ ಫಲಕದಲ್ಲೂ ಅದೇ ಇದ್ದಿರಬೇಕು, ನನ್ನ ಸೀರೆಯ ಕೆಳಗೆ.

ಕಾರಿನಲ್ಲಿ ಹೀಟರು ಪೂರ್ತಿ ಹಾಕಿದರೂ ಯಾರ ನಡುಕವೂ ನಿಲ್ಲಲಿಲ್ಲ. ಬೆಟ್ಟದ ತಿರುವಿನಲ್ಲಿ ನನ್ನ ಗಂಡ ಇದ್ದಕ್ಕಿದ್ದಂತೆ ಕಾರು ಪಕ್ಕಕ್ಕೆ ನಿಲ್ಲಿಸಿ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟರು. ಅಳುವಿಗೆ ಅವರ ಭುಜ ಅದುರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಮುಖ ಒರೆಸಿಕೊಂಡು, ಹಿಂದೆ ತಿರುಗದೆ ಕೇಳಿದರು: "ಅತ್ತೆ, ನೀವು ಹೇಗೆ ನೋಡಿದ್ರಿ ಅದನ್ನ? ನಾನು ಆ ಕಡೆಗೇ ಮುಖ ಮಾಡಿ ಕೂತಿದ್ದೆ. ನಂಗೇ ಕಾಣ್ಲಿಲ್ಲ. ಕಾಫಿ ನೋಡ್ತಿದ್ದೆ."

"ನಾನೇನು ಕಂಡೆನಪ್ಪಾ," ಎಂದರು ಅಮ್ಮ. "ಹೂವು ಬಿಟ್ಟು ಕೈಮುಗಿದ್ನಾ? ದೇವ್ರಿಗೆ ಬೆನ್ನು ತೋರಿಸ್ಬಾರ್ದಲ್ಲ. ಗುಡೀಲಿ ಬರೋ ಹಾಗೆ ಹಿಂದಿಂದಕ್ಕೆ ಹೆಜ್ಜೆ ಹಾಕ್ಕೊಂಡು ಬರ್ತಿದ್ದೆ. ಮಗೂನ ದಾಟಿ ಹಿಂದೆ ಬಂದೆ. ಎದುರಿಗೇ ಎದ್ದಿತು."

ಅಮ್ಮ ಗರ್ಭಗುಡಿಯ ಮುಂದಿನಿಂದ ಹಾಗೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಬರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಒಮ್ಮೆ ಅವರು ಹಾಗೆ ಬಂದು ಅರ್ಚಕರ ತಟ್ಟೆಯನ್ನೇ ಬೀಳಿಸಿದ್ದರು, ನಾನು ನಕ್ಕು ಬೈಸಿಕೊಂಡಿದ್ದೆ. ಅವರು ಆ ದಿನ ನಮ್ಮೆಲ್ಲರ ಹಾಗೆ ತಿರುಗಿ ನಡೆದು ಬಂದಿದ್ದರೆ? ಅಮ್ಮ ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ, "ಕೈಮುಗಿದು ಹೂವು ಕೊಟ್ಟೋಳ ಮೊಮ್ಮಗಳನ್ನೇ ಕೇಳಿತಲ್ಲೇ," ಎಂದರು. "ಇನ್ನೊಂದ್ಸಲ ಕೈಮುಗಿಯಲ್ಲ ಅದಕ್ಕೆ."

ಮನೆಯಲ್ಲಿ ಬಿಸಿನೀರು ಹಾಕಿಕೊಂಡೆವು. ಸ್ನಾನದ ತೊಟ್ಟಿಯ ತಳದಲ್ಲಿ ಮರಳು ಕೂತಿತು. ಅಮ್ಮನ ಅಂಗೈಯಲ್ಲಿ ಜಡೆಯ ಹೆಣಿಗೆ ಹಾಗೇ ಒತ್ತಿ ಕೆಂಪಗೆ ಮೂಡಿತ್ತು.

ನನಗೆ ಅಂದಿನಿಂದ ಆಗಿರುವುದು ಬರೀ ಭಯವಲ್ಲ. ಭಯ ಮಗಳನ್ನು ಕಂಡೊಡನೆ ಇಳಿಯುತ್ತದೆ. ಇದು ಇಳಿಯುವುದಿಲ್ಲ. ನನ್ನ ಯೌವನದ ಒಂದೊಂದು ಶನಿವಾರವೂ ಈಗ ಬೇರೆ ಥರ ಕಾಣುತ್ತಿದೆ. ಗಡ್ಡದವನು ಒದ್ದೆ ಮರಳಿನ ಮೇಲೆ ತೋಳು ಚಾಚಿ ನಿದ್ದೆ ಹೋಗುತ್ತಿದ್ದ. ಆ ಗುಂಪಿನಲ್ಲಿ ಒಬ್ಬಳಿಗೆ ಹಸುಗೂಸಿತ್ತು. ಅವಳು ಅಲೆಯ ಅಂಚಿನಲ್ಲಿ ಕೂತು ಕೂಸನ್ನು ತೊಡೆಯ ಮೇಲೆ ಮಲಗಿಸಿ ತೊಳೆಯುತ್ತಿದ್ದಳು, ಸಮುದ್ರ ತಾಯಿ ಎಂದು ಹಾಡಿನ ಹಾಗೆ ಏನೋ ಹೇಳುತ್ತಿದ್ದಳು. ನಾನು ಸೌಟು ಹಿಡಿದು ಅದನ್ನು ನೋಡುತ್ತಿದ್ದೆ, ಚೆಂದವೆಂದುಕೊಳ್ಳುತ್ತಿದ್ದೆ. ಈಗ ಆ ಕೂಸನ್ನು ನೆನೆದರೆ ಓಡಿಹೋಗಿ ಅವಳ ಮಡಿಲಿಂದ ಅದನ್ನು ಕಿತ್ತುಕೊಂಡು ದಿಬ್ಬ ಹತ್ತಬೇಕೆನಿಸುತ್ತದೆ. ಆ ಕೂಸು ಈಗ ಬೆಳೆದು ದೊಡ್ಡದಾಗಿ ಎಲ್ಲೋ ಸುಖವಾಗಿರಬೇಕು.

ನಾವು ಜಗತ್ತನ್ನು ಪ್ರೀತಿಸಿದರೆ ಜಗತ್ತು ನಮ್ಮನ್ನು ಪ್ರೀತಿಸುತ್ತದೆ ಎಂದು ಅವರೆಲ್ಲ ಹೇಳುತ್ತಿದ್ದರು. ವಿಜ್ಞಾನ ಓದುತ್ತಿದ್ದ ನಾನು ಬಾಯಲ್ಲಿ ಒಪ್ಪದಿದ್ದರೂ ಮನಸ್ಸಿನಲ್ಲಿ ಒಪ್ಪಿದ್ದೆ. ಸಾಕ್ಷಿ ಕಣ್ಣೆದುರಿತ್ತಲ್ಲ. ಅಷ್ಟು ಶನಿವಾರ ಬಂದೆವು, ಯಾರಿಗೂ ಏನೂ ಆಗಲಿಲ್ಲ. ಆ ತೀರ ನಮ್ಮನ್ನು ಬಲ್ಲದು ಎಂದುಕೊಂಡಿದ್ದೆ. ಹದಿನೈದು ವರ್ಷ ಅದನ್ನು ದಿಂಬಿನ ಹಾಗೆ ತಲೆಯಡಿಗೆ ಇಟ್ಟುಕೊಂಡು ಮಲಗಿದೆ. ಅದಕ್ಕೆ ನಮ್ಮ ಪರಿಚಯವೇ ಇರಲಿಲ್ಲ. ಆ ನೀರು ಅಷ್ಟು ಶನಿವಾರವೂ ಅಲ್ಲೇ ಇತ್ತು, ಬೆನ್ನ ಹಿಂದೆ, ನಾನು ಸಾರಿಗೆ ಒಗ್ಗರಣೆ ಹಾಕುವಾಗ. ಅದು ಏಳಲಿಲ್ಲ, ಅಷ್ಟೇ. ಇಷ್ಟು ಸಣ್ಣ ಸಂಗತಿಯ ಮೇಲೆ ನನ್ನ ಯೌವನವೆಲ್ಲ ನಿಂತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಆ ಫೋಟೋ ಈಗಲೂ ಆಲ್ಬಮ್ಮಿನಲ್ಲಿದೆ. ತೆರೆದಾಗ ನಗುತ್ತಿರುವ ಹುಡುಗಿಯನ್ನು ನೋಡುವುದಿಲ್ಲ, ಅವಳ ಹೆಗಲ ಮೇಲಿಂದ ಹಿಂದಿನ ನೀರನ್ನು ನೋಡುತ್ತೇನೆ.

ಮಗಳು ಬೇಗ ಸರಿಹೋದಳು ಎಂದು ಎಲ್ಲರೂ ಹೇಳಿದರು. ಶಾಲೆಯಲ್ಲಿ ಅಲೆಯ ಕಥೆಯನ್ನು ದೊಡ್ಡದು ಮಾಡಿ ಹೇಳಿ ಹೆಸರು ಗಳಿಸಿದಳು. ಆದರೆ ಆ ಒಂದು ಪದ ಅವಳ ಬಾಯಿಂದ ಹೋಗಿಬಿಟ್ಟಿತು. ಕರೆದರೆ "ಬಂದೆ" ಇಲ್ಲ, "ವಾಟ್" ಕೂಡ ಇಲ್ಲ. ಮಹಡಿಯಿಂದ ಬರೀ ಮೌನ. ಮಾತನಾಡುವ ಮಗು, ಕರೆದಾಗ ಮಾತ್ರ ಮೂಕಿ. ಸೌಟು ಬಿಸಾಡಿ ಮೆಟ್ಟಿಲು ಹತ್ತುತ್ತಿದ್ದೆ. ಅವಳು ಅಲ್ಲೇ ಇರುತ್ತಿದ್ದಳು, ಪುಸ್ತಕ ಹಿಡಿದು.

"ಕರೆದ್ರೆ ಓ ಅನ್ಬಾರ್ದಾ ಪುಟ್ಟಿ?"

ಅವಳು ಪುಸ್ತಕದಿಂದ ತಲೆ ಎತ್ತದೆ, "ಲಾಸ್ಟ್ ಟೈಮ್ ಐ ಸೆಡ್ ಇಟ್, ಯು ಡಿಡ್ಂಟ್ ಲುಕ್," ಎಂದಳು. ಹೋದಸಲ ನಾನು ಹೇಳಿದಾಗ ನೀನು ನೋಡಲಿಲ್ಲ. ದೂರುವ ದನಿಯಲ್ಲ, ನಡೆದದ್ದನ್ನು ಹೇಳುವ ದನಿ. ನಾನು ಮೆಟ್ಟಿಲಿಳಿದು ಬಂದು ಒಲೆ ಆರಿಸಿ ನಿಂತೆ. ಅಮ್ಮ ಊಟದ ಮೇಜಿನ ಬಳಿ ಬೀನ್ಸ್ ಬಿಡಿಸುತ್ತಿದ್ದರು. ಅವರಿಗೆ ಇಂಗ್ಲಿಷ್ ಅರ್ಥವಾಗಿರಲಿಲ್ಲ, ನನ್ನ ಮುಖ ಅರ್ಥವಾಯಿತು.

"ಬಿಡೇ, ಒತ್ತಾಯ ಮಾಡ್ಬೇಡ," ಎಂದರು. "ಅವಳು ಸರಿಯಾಗೇ ಹೇಳಿದ್ಲು ಮೊದ್ಲು. ನಾನೇ ನಗಾಡಿದೆ."

ಅಮ್ಮ ಇದ್ದಷ್ಟು ದಿನವೂ ಬೆಳಿಗ್ಗೆ ಜಡೆ ಹಾಕುವುದು ನಡೆಯಿತು. ಅದರಲ್ಲಿ ಒಂದು ವ್ಯತ್ಯಾಸವಿತ್ತು. ಮಗಳು ಈಗ "ಔಚ್" ಎನ್ನುತ್ತಿರಲಿಲ್ಲ. ಅಮ್ಮ ಸಡಿಲವಾಗಿ ಹೆಣೆಯಲು ನೋಡಿದರೆ ತಾನೇ ಕೈ ಹಿಂದೆ ತಂದು ಜಡೆಯನ್ನು ಜಗ್ಗಿ ಪರೀಕ್ಷಿಸುತ್ತಿದ್ದಳು. ವಿಮಾನ ನಿಲ್ದಾಣದಲ್ಲಿ ಅಮ್ಮ "ಬರ್ತೀನಿ ಕಂದ" ಎಂದು ಅವಳ ಗಲ್ಲ ಹಿಡಿದು, ಗಾಜಿನ ಬಾಗಿಲಿನ ತನಕ ಹಿಂದೆ ಹಿಂದೆಯೇ ಹೆಜ್ಜೆಯಿಟ್ಟು ಹೋದರು. ಹಿಂದಿದ್ದವರಿಗೆ ಢಿಕ್ಕಿ ಹೊಡೆಯುತ್ತ, ಸಾರಿ ಸಾರಿ ಎನ್ನುತ್ತ, ಕಣ್ಣು ಮಾತ್ರ ಮೊಮ್ಮಗಳ ಮೇಲೆ.

ಮರುದಿನ ಶಾಲೆಯ ಹೊತ್ತು. ನಾನು ಅಡುಗೆಮನೆಯಲ್ಲಿ ಡಬ್ಬಿಗೆ ಚಪಾತಿ ಸುತ್ತುತ್ತಿದ್ದೆ. ಜಡೆ ಹಾಕಬೇಕಿತ್ತು. ಮೆಟ್ಟಿಲ ಕಡೆ ಮುಖ ಮಾಡಿ ಕೂಗಿದೆ: "ಪುಟ್ಟೀ, ಬಾ!"

ಉತ್ತರವಿಲ್ಲ. ಕೈ ನಿಂತಿತು. ನಲ್ಲಿಯ ನೀರು ನಿಲ್ಲಿಸಿ ಕಿವಿಗೊಟ್ಟೆ. ಮೇಲೆ ಹೆಜ್ಜೆಯ ಸದ್ದೂ ಇಲ್ಲ. ಎದೆ ಆ ಮರಳಿನಲ್ಲಿ ಓಡತೊಡಗಿತು.

ಬೆನ್ನಿಗೆ ಒಂದು ಬೆರಳು ತಾಗಿತು. ತಿರುಗಿದೆ. ಕಾಲುಚೀಲ ಹಾಕಿಕೊಂಡು ಸದ್ದಿಲ್ಲದೆ ಬಂದು ನಿಂತಿದ್ದಳು, ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ರಿಬ್ಬನ್. ನಾನು ಪೂರ್ತಿ ತಿರುಗಿ ಅವಳ ಮುಖ ನೋಡುವ ತನಕ ಕಾದಳು.

"ಬಂದೆ," ಎಂದಳು.

ಕುರ್ಚಿ ಎಳೆದು ಕೂರಿಸಿಕೊಂಡೆ. ಅಮ್ಮನಷ್ಟು ಬಿಗಿಯಾಗಿ ನನಗೆ ಬರುವುದಿಲ್ಲ. ಹೆಣೆದು ಮುಗಿಸಿ, ರಿಬ್ಬನ್ ಕಟ್ಟುವ ಮೊದಲು, ಜಡೆಯನ್ನು ಒಮ್ಮೆ ಅಂಗೈಗೆ ಸುತ್ತಿ ಹಿಡಿದುಕೊಂಡೆ.

"ಇನ್ನೂ ಟೈಟ್," ಎಂದಳು ಅವಳು.

ಬಿಚ್ಚಿ ಮತ್ತೆ ಹೆಣೆದೆ.